ಬೇಗ ಬಂದ ಮಕ್ಕಳ ನ್ಯಾಗೊಂಡ್ವೆ

ಮಲಾವಿ ಸರೋವರದ ದಂಡೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹೆಂಗಸರು ಸಣ್ಣ ಮೀನನ್ನು ಬಿದಿರಿನ ತಟ್ಟಿಗಳ ಮೇಲೆ ಒಣಗಲು ಹರಡುತ್ತಿದ್ದರೆ, ಟಿವೊಂಗೆ ಗೊಂಡ್ವೆ ಮೊಣಕಾಲೂರಿ ಮರಳು ತೋಡುತ್ತಿದ್ದಾರೆ. ಆ ಗುಂಡಿಯಲ್ಲಿ ಹೆಣ್ಣುಕೂಸೊಂದನ್ನು ಕೂರಿಸಿ ಸೊಂಟದ ಸುತ್ತ ಮರಳು ಒತ್ತುತ್ತಾರೆ. ಆಸರೆ ಸಿಕ್ಕಿದ್ದೇ ತಡ, ಕೂಸು ಎರಡೂ ಕೈ ಚಾಚಿ, ಪಕ್ಕದಲ್ಲಿ ಕೂತ ತಾಯಿ ತೋರಿಸಿದ ಚಮಚ ಹಿಡಿಯುತ್ತದೆ.

“ನೋಡ್ದ್ಯಾ? ಬೀಳೋ ಭಯ ಹೋದ್ರೆ ಕೈ ಆಟಕ್ಕೆ ಇಳಿಯುತ್ತೆ,” ಎಂದು ತಾಯಿಗೆ ಹೇಳುತ್ತಾರೆ.

ಗೊಂಡ್ವೆ ಮನೆತನದ ಹೆಣ್ಣುಮಗಳೆಂದು ಊರಿಗೆಲ್ಲ ಅವರು ನ್ಯಾಗೊಂಡ್ವೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ತಾಯಂದಿರು ಹಗಲಿರುಳು ಎದೆಗೆ ಕಟ್ಟಿಕೊಂಡು ಬೆಚ್ಚಗಿಡುವ ವಾರ್ಡಿನಲ್ಲಿ ಆಯಾ ಆಗಿದ್ದವರು. ಅವರ ಮಗಳೂ ಏಳನೇ ತಿಂಗಳಿಗೇ ಹುಟ್ಟಿದವಳು. ಬದುಕಿದಳಲ್ಲ ಎಂದು ಎಲ್ಲರೂ ನೆಮ್ಮದಿಪಟ್ಟರು. ಅವಳಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದದ್ದು ಶಾಲೆಗೆ ಸೇರಿಸುವಾಗ.

“ಮೊದಲೇ ಯಾರಾದ್ರೂ ನೋಡಿದ್ರೆ ಕೈಸನ್ನೆಯಲ್ಲಾದ್ರೂ ಮಾತಾಡ್ತಿದ್ವಿ. ಅಷ್ಟು ವರ್ಷ ಮನೆ ತುಂಬ ಜನ ಇದ್ರೂ ಅವಳು ಒಬ್ಬಳೇ ಇದ್ದಳು.”

ಆ ಮಗಳು ಈಗ ಸಂತೆಪೇಟೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ತಾಯಿ ಮಾತ್ರ ವಾರ್ಡಿನಿಂದ ಮನೆಗೆ ಹೋದ ಕೂಸುಗಳನ್ನು ಹುಡುಕಿಕೊಂಡು ಸೈಕಲ್ ತುಳಿಯುತ್ತಾರೆ, ವಾರಕ್ಕೆ ಹತ್ತು ಹನ್ನೆರಡು ಮನೆ.

ಎಲ್ಲ ಬಾಗಿಲೂ ತೆರೆಯುವುದಿಲ್ಲ. ಮೀನುಗಾರನ ಹೆಂಡತಿ ಲುಸುಂಗುವಿನ ಮಗ ವೆಜಿ ವರ್ಷ ಕಳೆದರೂ ಕೂರುತ್ತಿರಲಿಲ್ಲ. ಕಾಲುಗಳು ಕತ್ತರಿಯಂತೆ ಬಿಗಿದುಕೊಂಡಿದ್ದವು. ಲುಸುಂಗುವಿನ ಅತ್ತೆ ಅಂಗಳದಲ್ಲೇ ಅಡ್ಡ ನಿಂತರು.

“ಬದುಕಿರೋದೇ ಹೆಚ್ಚು. ಅದನ್ನ ಯಾಕೆ ಎಳೆದಾಡ್ತೀಯಾ? ನಿಂಗೆ ಬೇರೆ ಕೆಲಸ ಇಲ್ವಾ?”

“ಇದೆ ಅಮ್ಮ. ಇದನ್ನ ಮುಗಿಸಿಯೇ ಹೋಗ್ತೀನಿ,” ಎಂದ ನ್ಯಾಗೊಂಡ್ವೆ ಅಲ್ಲೇ ಚಾಪೆ ಹಾಸಿದರು.

ಮುಗಿಯಲು ಎರಡು ವರ್ಷ ಹಿಡಿಯಿತು. ಕಾಲು ನೀವುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವಾಗ ಮಾತಾಡಿಸುವುದು, ಎಲ್ಲವನ್ನೂ ಲುಸುಂಗು ಕಲಿತಳು. ಹಿಡಿದು ನಿಲ್ಲಲೆಂದು ಅಪ್ಪ ಎರಡು ಬಿದಿರುಗಳನ್ನು ಅಡ್ಡಕಟ್ಟಿದ. ವೆಜಿ ಅತ್ತ, ಬಿದ್ದ, ಮತ್ತೆ ನಿಂತ. ಕಳೆದ ತಿಂಗಳು ಒಂದು ಬೆಳಿಗ್ಗೆ ಬಿದಿರು ಬಿಟ್ಟು, ತುದಿಗಾಲಲ್ಲಿ ಓಲಾಡುತ್ತಾ, ಅಂದು ಅಡ್ಡ ನಿಂತಿದ್ದ, ಈಗ ಮೀನು ಹರಡುತ್ತಿದ್ದ ಅಜ್ಜಿಯ ಬಳಿಗೆ ನಡೆದೇಬಿಟ್ಟ. ತಟ್ಟಿಯಿಂದ ಒಂದು ಮೀನು ಕಿತ್ತು ಬಾಯಿಗಿಟ್ಟ.

“ಕಳ್ಳ ಬಂದ, ನಡ್ಕೊಂಡು ಬಂದ,” ಎನ್ನುತ್ತಲೇ ಅಜ್ಜಿ ನಾಲಿಗೆ ಹೊರಳಿಸಿ ಹರ್ಷದ ಕೇಕೆ ಹಾಕಿದರು. ದಂಡೆಯುದ್ದಕ್ಕೂ ಹೆಂಗಸರು ಅದಕ್ಕೆ ದನಿಗೂಡಿಸಿದರು. ಈಗ ಬಾಗಿಲು ಮುಚ್ಚಿದ ಮನೆಗಳಿಗೆ ನ್ಯಾಗೊಂಡ್ವೆಗಿಂತ ಮೊದಲು ಆ ಅಜ್ಜಿಯೇ ಹೋಗಿ ಕೂರುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ನ್ಯಾಗೊಂಡ್ವೆ ಕೈಯ ಮರಳು ಕೊಡವುತ್ತಾರೆ. “ಕೂಸು ಆಸ್ಪತ್ರೆ ಬಿಡೋ ದಿನವೇ ನನ್ನ ಕರೀಲಿ. ಕಾಲು ಬಿಗಿದ ಮೇಲಲ್ಲ.”

ಆಚೆ ದೋಣಿಗಳ ನಡುವೆ ಮಕ್ಕಳ ಗುಂಪೊಂದು ಚೆಂಡಿಗಾಗಿ ಕಚ್ಚಾಡುತ್ತಿದೆ. ನ್ಯಾಗೊಂಡ್ವೆ ಅತ್ತ ಗದ್ದ ಎತ್ತಿ ತೋರಿಸುತ್ತಾರೆ.

“ಅವರಲ್ಲಿ ಮೂವರು ತಿಂಗಳು ತುಂಬದೆ ಬೇಗ ಬಂದವರು. ಯಾರು ಯಾರು, ಹೇಳಿ ನೋಡೋಣ.”