ಹೆಡ್‌ಲೈಟಿಗೆ ಮೆತ್ತಿದ ಕಣಕ

ಹಗಲು ಹೊತ್ತಿನಲ್ಲೂ ಮನೆಮನೆಯ ಮುಂದೆ ಕಾರುಗಳು ನಿಂತೇ ಇರುತ್ತಿದ್ದ ದಿನಗಳು ಅವು. ಕಾರು ಕಾರ್ಖಾನೆಗಳ ಊರಾದ ವಿಕ್ಸಮ್‌ನ ನಮ್ಮ ಬಡಾವಣೆಯಲ್ಲಿ ಆ ವರ್ಷ ಎಷ್ಟೋ ಜನರ ಕೆಲಸ ಹೋಗಿತ್ತು. ನಮ್ಮ ಮನೆಯಲ್ಲಿ ಹೋದದ್ದು ಅಮ್ಮನದು. ಧಾರವಾಡದಲ್ಲಿ ಎಂಜಿನಿಯರಿಂಗ್ ಓದಿ ಬಂದವಳು, ಕಾರುಗಳ ಸಸ್ಪೆನ್ಷನ್ ಡಿಸೈನ್ ಮಾಡುತ್ತಿದ್ದಳು. ಕೆಲಸ ಹೋದ ಮೇಲೂ ಎಂಟು ಗಂಟೆಗೆ ಆಫೀಸಿನ ಪ್ಯಾಂಟು ತೊಟ್ಟು, ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು ಅಪ್ಲೈ ಮಾಡುತ್ತಿದ್ದಳು. ಅಪ್ಪ ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಿದ್ದರು. ಹತ್ತು ವರ್ಷದ ನಾನು ಸೈಕಲ್ ತುಳಿದುಕೊಂಡು ಬೀದಿ ಸುತ್ತಿ ಪಕ್ಕದ ಮನೆಯ ಗರಾಜಿಗೆ.

ಅದು ರೇ ಅಂಕಲ್ ಗರಾಜು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು, ಈಗ ತಮ್ಮದೇ ಒಂದು ಹಾಟ್ ರಾಡ್ ಎಂಬ ಓಟದ ಗಾಡಿ ಕಟ್ಟುತ್ತಿದ್ದರು. ಯಾವುದೋ ಹಳೇ ಕಾರಿನ ಚೌಕಟ್ಟು, ದೊಡ್ಡ ಎಂಜಿನ್ನು, ಮೇಲೆ ಮುಚ್ಚಳವೇ ಇಲ್ಲದೆ ಹೊರಗೆ ಚಾಚಿದ ಮುಂದಿನ ಚಕ್ರಗಳು. ನೋಡಲು ಥೇಟ್ ಮಿಡತೆ. ಗ್ರೀಸಿನ ವಾಸನೆ, ಸುಟ್ಟ ಕಬ್ಬಿಣದ ವಾಸನೆ. ಅಮ್ಮ ಕಳಿಸಿದ ಶೇಂಗಾ ಹಿಂಡಿಯನ್ನು, ನಮ್ಮ ಕಡೆಯ ಚಟ್ನಿಪುಡಿಯನ್ನು, ರೇ ಅಂಕಲ್ ಹ್ಯಾಂಬರ್ಗರಿನ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರು. ನಾನು ಒಂದೊಂದು ಬೋಲ್ಟು ಮುಟ್ಟಿ ಇದೇನು, ಇದ್ಯಾಕೆ ಎಂದು ಪೀಡಿಸುತ್ತಿದ್ದೆ. ಅವರಿಗೆ ಬೇಸರವೇ ಇರಲಿಲ್ಲ.

ಜುಲೈನಲ್ಲಿ ಹೆಡ್‌ಲೈಟುಗಳು ಕೂತವು. ದೀಪ ಹಿಡಿಯುವ ಬ್ರಾಕೆಟ್ಟುಗಳನ್ನು ಅವರೇ ಬಗ್ಗಿಸಿ, ಉಜ್ಜಿ, ಕನ್ನಡಿಯಂತೆ ಹೊಳೆಯಿಸಿದ್ದರು. ದೀಪಗಳು ಕೆಳಗೆ, ಚಕ್ರಕ್ಕೆ ಒತ್ತಿದಂತೆ ಕೂತಿದ್ದವು. ನನ್ನನ್ನು ಊಟಕ್ಕೆ ಕರೆಯಲು ಬಂದ ಅಮ್ಮ ಅಲ್ಲೇ ಬಗ್ಗಿ ನಿಂತುಬಿಟ್ಟಳು.

"ಇದು ತಾಗುತ್ತೆ," ಎಂದಳು ಇಂಗ್ಲಿಷಿನಲ್ಲಿ.

"ಎಲ್ಲಿ ತಾಗುತ್ತೆ? ಬೆರಳು ತೂರುತ್ತೆ ನೋಡು."

"ಈಗ ನಿಂತಿದೆ. ಓಡುವಾಗ ಬೇರೆ."

ರೇ ಅಂಕಲ್ ಮುಖ ಕೆಂಪಾಯಿತು. "ನೀನು ಕಂಪ್ಯೂಟರಿನಲ್ಲಿ ಕಾರು ಮಾಡಿದವಳು. ಮೂವತ್ತು ವರ್ಷ ಬೇರೆಯವರು ಹೇಳಿದ ಹಾಗೆ ಮಾಡಿದೀನಿ. ಈ ಒಂದು ಕಾರು ನನ್ನದು."

ಅಮ್ಮ ನನ್ನ ಕೈ ಹಿಡಿದು ಮನೆಗೆ ನಡೆದಳು. ಮೂರು ದಿನ ನಾವಿಬ್ಬರೂ ಆ ಕಡೆ ಹೋಗಲಿಲ್ಲ. ನನಗೋ ತಲೆತುಂಬ ಅದೇ. ನಿಂತಾಗ ತಾಗದ್ದು ಓಡುವಾಗ ಹೇಗೆ ತಾಗುತ್ತದೆ? ಕೇಳಿದೆ. ಅಮ್ಮ ತಟ್ಟೆ, ಲೋಟ ಇಟ್ಟು ತೋರಿಸಿದಳು.

"ಉಬ್ಬು ಹಾಯ್ದಾಗ ಗಾಲಿ ಮ್ಯಾಲ ಏಳ್ತದ. ತಿರುವಿನ್ಯಾಗ ಒಳಗ ಬರ್ತದ. ಎರಡೂ ಒಮ್ಮೆಗೇ ಆದ್ರ?"

"ಇಟ್ ಹಿಟ್ಸ್!" ಎಂದೆ. "ಆದ್ರೆ ನೋಡೋದು ಹೇಗೆ?"

ಅಮ್ಮ ಲೋಟ ಪಕ್ಕಕ್ಕಿಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ರೇ ಅಂಕಲ್ ಗರಾಜಿಗೆ ನಡೆದು, "ತಾಗುತ್ತೋ ಇಲ್ಲವೋ, ಭಾರ ಹೇರಿ ನೋಡೋಣ," ಎಂದಳು.

ಗಡಸು ನೀರನ್ನು ಮೆದುಗೊಳಿಸುವ ಯಂತ್ರಕ್ಕೆ ಹಾಕುವ ಉಪ್ಪಿನ ಚೀಲಗಳು, ನಲವತ್ತು ಪೌಂಡಿನವು, ನಮ್ಮ ಮನೆಯವೂ ಅವರ ಮನೆಯವೂ, ಒಂದೊಂದಾಗಿ ಗಾಡಿಯ ಮುಂಭಾಗಕ್ಕೇರಿದವು. ರೇ ಅಂಕಲ್ ಗೊಣಗುತ್ತಲೇ ಎತ್ತಿಕೊಟ್ಟರು. ಸ್ಪ್ರಿಂಗು ಕುಸಿಯಿತು, ಗಾಲಿ ಮೇಲೆದ್ದಿತು. ಆದರೆ ಚೀಲಗಳು ಅಡ್ಡ ಬಂದು ಗಾಲಿಗೂ ದೀಪಕ್ಕೂ ನಡುವಿನ ಸಂದು ಕಾಣಲೇ ಇಲ್ಲ. ನನಗೆ ಏನೋ ಹೊಳೆಯಿತು. ಮನೆಗೆ ಓಡಿ ಫ್ರಿಜ್ಜಿನಿಂದ ಚಪಾತಿ ಕಣಕ ತಂದೆ.

"ಅಯ್ಯ, ಊಟಕ್ಕ ನಾದಿಟ್ಟದ್ದು ಅದು!" ಎಂದಳು ಅಮ್ಮ. ಎಂದವಳೇ ಅರ್ಧ ಮುರಿದುಕೊಂಡಳು. ಎರಡು ಚೀಲ ಇಳಿಸಿ, ಎರಡೂ ದೀಪಗಳ ಹಿಂದೆ ಉಂಡೆ ಮೆತ್ತಿ, ಚೀಲ ಮತ್ತೆ ಏರಿಸಿದೆವು. ರೇ ಅಂಕಲ್ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರು.

ಚೀಲ ಇಳಿಸಿ ನೋಡಿದರೆ ಎಡಗಡೆಯ ಕಣಕ ಹಪ್ಪಳದಷ್ಟು ತೆಳುವಾಗಿತ್ತು. ಬಲಗಡೆಯದರಲ್ಲಿ ತೂತು ಬಿದ್ದಿತ್ತು. ಸುತ್ತ ಟೈರಿನ ಗೀರುಗಳು ಶಂಕರಪಾಳಿ ಕೊಯ್ದ ಹಾಗೆ ಅಚ್ಚೊತ್ತಿದ್ದವು. ರೇ ಅಂಕಲ್ ಅದನ್ನು ಅಂಗೈಯಲ್ಲಿಟ್ಟುಕೊಂಡು ತೂತಿನಲ್ಲಿ ಬೆರಳು ತೂರಿಸಿ ನೋಡಿದರು. ಆಮೇಲೆ ಗರಗಸ ತೆಗೆದು, ಆ ಹೊಳೆಯುವ ಬ್ರಾಕೆಟ್ಟುಗಳನ್ನು ತಾವೇ ಕೊಯ್ದರು.

"ಎಷ್ಟು ಎತ್ತರಿಸಲಿ, ಎಂಜಿನಿಯರ್?" ಎಂದು ಕೇಳಿದರು.

"ಎರಡಿಂಚು," ಎಂದಳು ಅಮ್ಮ. ಅವಳ ಧ್ವನಿ ಗಟ್ಟಿಯಾಗಿತ್ತು.

ಸೆಪ್ಟೆಂಬರಿನಲ್ಲಿ ಗಾಡಿ ಹೊರಬಿತ್ತು. ಕಣ್ಣು ಮೇಲೆ ಮಾಡಿ ಬೆರಗಾದಂತಿದ್ದ ದೀಪಗಳು ಮೊದಲಿನಷ್ಟು ಚೆಂದವಿರಲಿಲ್ಲ. ಇದ್ದದ್ದು ಎರಡೇ ಸೀಟು. ರೇ ಅಂಕಲ್ ಕೀಲಿಯನ್ನು ಅಮ್ಮನಿಗೆ ಕೊಟ್ಟು, "ನಾನು ಇಲ್ಲಿಂದಲೇ ನೋಡ್ತೀನಿ," ಎಂದರು. ತಿರುವಿನಲ್ಲೇ ರೈಲು ಹಳಿ. ದಡಕ್ಕನೆ ಹಾರಿದೆವು. ಎಲ್ಲೂ ಏನೂ ತಾಗಲಿಲ್ಲ. ಅಮ್ಮ ಜೋರಾಗಿ ನಕ್ಕಳು.

ಆ ಚಳಿಗಾಲ ಅವಳಿಗೆ ಬೇರೆ ರಾಜ್ಯದ ಓಕ್ ಬ್ರೂಕ್‌ನಲ್ಲಿ ಕೆಲಸ ಸಿಕ್ಕಿತು, ಕಾರಿಗೆ ಸಂಬಂಧವಿಲ್ಲದ್ದು. ನಾವು ಅದರ ಹತ್ತಿರದ ವುಡ್‌ರಿಡ್ಜ್‌ಗೆ ಬಂದೆವು. ರೇ ಅಂಕಲ್ ತೀರಿಕೊಂಡದ್ದು ನಮಗೆ ತಿಳಿದಾಗ ತಿಂಗಳುಗಳೇ ಕಳೆದಿದ್ದವು. ಗಾಡಿ ಯಾರ ಪಾಲಾಯಿತೋ.

ಹೋದ ವರ್ಷ ಚಹಾ ಕುಡಿಯುವಾಗ ಅಮ್ಮನಿಗೆ ಹೇಳಿದೆ, ನನ್ನ ಬಾಲ್ಯದಲ್ಲಿ ಅಷ್ಟು ಒಳ್ಳೆಯ ಬೇಸಿಗೆ ಮತ್ತೊಂದಿಲ್ಲ ಎಂದು.

ಅವಳು ಕಪ್ಪು ಕೆಳಗಿಟ್ಟಳು. "ನಾ ಆ ಬ್ಯಾಸಗಿ ದಿನಾ ಅಳ್ತಿದ್ದೆ. ನೀ ಸೈಕಲ್ ತಗೊಂಡು ಹೊರಗ ಹೋದ ಮ್ಯಾಲ. ನಿನಗ ಗೊತ್ತಾಗಿರಲಿಲ್ಲೇನು?"

ಗೊತ್ತಾಗಿರಲಿಲ್ಲ. ಜಗತ್ತಿನಲ್ಲಿರುವುದನ್ನೆಲ್ಲ ಕೇಳುತ್ತಿದ್ದ ನಾನು, ಅಮ್ಮಾ, ಹೇಗಿದ್ದೀಯ ಎಂದು ಒಂದು ಸಲವೂ ಕೇಳಿರಲಿಲ್ಲ.