ಹುಣಸೆ ಮರದ ಸಂಬಳ

ಶಾಲೆಯಲ್ಲಿ ನನ್ನನ್ನು 'ಹುಣಸೆ ಮಿಸ್' ಅನ್ನುತ್ತಿದ್ದರು. ನಾನು ಸರ್ಕಾರ ನೇಮಿಸಿದವಳಲ್ಲ. ತೂಬಗೆರೆ ಕಡೆಯ ಆ ಹಳ್ಳಿಗೆ ಸೊಸೆಯಾಗಿ ಬಂದವಳು, ಬಿ.ಎಡ್. ಆಗಿತ್ತು. ಇಂಗ್ಲಿಷ್ ಹೇಳಿಕೊಡುವವರಿಲ್ಲವೆಂದು ಊರಿನವರೇ ನನ್ನನ್ನು ಇಟ್ಟುಕೊಂಡಿದ್ದರು. ಶಾಲೆಯ ಅಂಗಳದಲ್ಲಿದ್ದ ದೊಡ್ಡ ಹುಣಸೆ ಮರದ ಫಸಲನ್ನು ವರ್ಷಕ್ಕೊಮ್ಮೆ ಹರಾಜು ಹಾಕಿ, ಬಂದದ್ದರಲ್ಲಿ ನನಗೆ ಸಂಬಳ. ಫಸಲು ಕೈಕೊಟ್ಟ ಒಂದು ವರ್ಷ ಇಂಗ್ಲಿಷ್ ಪಾಠ ದೀಪಾವಳಿಗೇ ನಿಂತುಹೋಗಿತ್ತು. "ಏನ್ ಮೇಡಂ, ಈ ಸಲ ಹೂವು ಚೆನ್ನಾಗಿ ಹಿಡಿದೈತಾ?" ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕಾಡುತ್ತಿದ್ದರು. ಮೇಲೆ ನಗುತ್ತಿದ್ದೆ, ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ವರ್ಷದ ಹಿಂದೆ, ಹರಾಜಿಗೆ ಹತ್ತು ದಿನವಿರುವಾಗ, ಮರದ ಕಟ್ಟೆಯ ಮೇಲೆ ನಿಂತವಳಿಗೆ ಕವಲಿನಲ್ಲೊಂದು ತೂತು ಕಂಡಿತು. ಬೆರಳು ಹಾಕಿದೆ. ಮಣಿಕಟ್ಟಿನವರೆಗೂ ಕೈ ಒಳಗೆ ಹೋಯಿತು. ಒಳಗೆಲ್ಲ ಹಿಟ್ಟು ಹಿಟ್ಟು. ಆ ಕವಲಿನ ಕೊಂಬೆ, ಮಕ್ಕಳು ಬಿಸಿಯೂಟಕ್ಕೆ ಕೂರುವ ಜಾಗದ ಮೇಲೆಯೇ ಕಾಯಿಯ ಭಾರಕ್ಕೆ ಜಗ್ಗುತ್ತಿತ್ತು.

ಹೆಡ್‌ಮೇಷ್ಟ್ರಿಗೆ ಹೇಳಿದರೆ ಅವತ್ತೇ ಅರ್ಜಿ ಹೋಗುತ್ತದೆ, ಮರ ಉರುಳುತ್ತದೆ, ಅದರ ಜೊತೆ ನನ್ನ ಕೆಲಸವೂ. ಹೇಳದಿದ್ದರೆ? ಅತ್ತ ದರಿ, ಇತ್ತ ಪುಲಿ. ಹರಾಜೊಂದು ಮುಗಿಯಲಿ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಇರುವೆ ಕಾಟವೆಂದು ಸುಳ್ಳು ಹೇಳಿ ಮಕ್ಕಳನ್ನು ಜಗಲಿಗೆ ಅಟ್ಟಿದೆ. ಗಾಳಿ ಬೀಸಿದಾಗಲೆಲ್ಲ ಪಾಠ ಬಿಟ್ಟು ಎದ್ದು ಹೊರಗೆ ನೋಡುತ್ತಿದ್ದೆ. ರಾತ್ರಿ ನಿದ್ದೆಯಿರಲಿಲ್ಲ.

ಹರಾಜು ಸುಸೂತ್ರವಾಗಿ ಮುಗಿಯಿತು. ಹಣ್ಣು ತಾನಾಗಿ ಇಳಿದು ಬರುವುದಿಲ್ಲ ಎಂಬುದು ಮಾತ್ರ ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಮೂರನೆಯ ದಿನ, ಕೊಂಡವರ ಕಡೆಯಿಂದ ಗಂಡ ಹೆಂಡತಿ ಇಬ್ಬರು ಕೂಲಿಗೆ ಬಂದರು. ಆಕೆ ಕೆಳಗೆ ಟಾರ್ಪಾಲು ಹಾಸಿದಳು. ಆತ ಏಣಿ ಇಟ್ಟ. ಇಷ್ಟು ದಿನ ನಿಂತ ಕೊಂಬೆ ಇನ್ನೊಂದು ದಿನ ನಿಲ್ಲುತ್ತದೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಆತ ಕೊಂಬೆಯ ಮೇಲೆ ಕಾಲಿಟ್ಟ. ಲಟ್ ಎಂದಿತು. ಹೊರಗೆ ಓಡಿದೆ.

"ಅಣ್ಣಾ, ಇಳೀರಿ! ಒಳಗೆ ಟೊಳ್ಳು!"

ಆತ ಹಿಂದಕ್ಕೆ ಸರಿದು ಕಾಂಡವನ್ನು ತಬ್ಬಿಕೊಂಡ. ಕೊಂಬೆ ಮುರಿದು ಟಾರ್ಪಾಲಿನ ಮೇಲೆ ಬಿತ್ತು. ಆಕೆ ನಿಂತಿದ್ದದ್ದು ಅಲ್ಲಿಂದ ಒಂದು ಮಾರು ಆಚೆ. ಯಾರಿಗೂ ಏನೂ ಆಗಲಿಲ್ಲ.

"ಟೊಳ್ಳು ಅಂತ ನಿಮ್ಗೆ ಯಾವಾಗ ಗೊತ್ತಾಯ್ತಮ್ಮಾ?" ಸದ್ದಿಗೆ ಓಡಿಬಂದ ಹೆಡ್‌ಮೇಷ್ಟ್ರು ಕೇಳಿದರು.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. "ಹರಾಜಿಗೆ ಮೊದ್ಲೇ, ಸಾರ್" ಅಂದೆ.

ಹರಿದ ಟಾರ್ಪಾಲು ಎಳೆಯುತ್ತಿದ್ದ ಆಕೆ ನನ್ನ ಕಡೆ ತಿರುಗಿದಳು.

"ನಮ್ಮೆಜಮಾನ್ರು ಏಣಿ ಹಾಕೋವಾಗ್ಲಾದ್ರೂ ಒಂದ್ ಮಾತ್ ಹೇಳ್ಬಾರ್ದಿತ್ತಾ, ಅಕ್ಕಾ?"

ಹೇಳಬಹುದಿತ್ತು. ಕಿಟಕಿಯಲ್ಲಿ ನಿಂತು ನೋಡುತ್ತಲೇ ಇದ್ದೆ.