ಮೂರನೇ ಕೂಗು

ಮೊನ್ನೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಶಿರಾಳಕೊಪ್ಪದಲ್ಲಿ ಹತ್ತಿದ ಹಿರಿಯರೊಬ್ಬರು ಮುಂದಿನ ಸೀಟಿನಲ್ಲಿ ಕೂತು, ಹೆಗಲ ಮೇಲಿದ್ದ ಕರಿ ಕಂಬಳಿಯನ್ನು ತೆಗೆದು ಸೀಟಿನ ಕಂಬಿಯ ಮೇಲೆ ಹರವಿದರು. ಹೊರಗೆ ಜಿಟಿಜಿಟಿ ಮಳೆ. ಒದ್ದೆ ಉಣ್ಣೆಯ ವಾಸನೆ ಮುಖಕ್ಕೆ ಬಂತು... ಕುರಿ, ಒಲೆಯ ಹೊಗೆ, ಹಳೆಯ ಬೆವರು ಎಲ್ಲ ಸೇರಿದ ವಾಸನೆ. ನಮ್ಮದು ಶಿಕಾರಿಪುರದಲ್ಲಿ ಬೀಜ ಗೊಬ್ಬರದ ಅಂಗಡಿ. ದಿನವಿಡೀ ಯೂರಿಯಾ ಮೂಟೆಗಳ ನಡುವೆ ಕೂತು ನನ್ನ ಮೂಗು ಸತ್ತೇ ಹೋಗಿದೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ಅಂಥ ಮೂಗಿಗೂ ಇದು ತಿಳಿಯಿತು. ಕಾಲ ಕೆಳಗೆ ಬಸ್ಸಿನ ನೆಲ ಗಟ್ಟಿಯಾಗಿದೆಯೇ ಎಂದು ಹಿಮ್ಮಡಿ ಒತ್ತಿ ನೋಡಿಕೊಂಡೆ.

ಆ ವಾಸನೆ ಒಬ್ಬ ಅಕ್ಕನದು. ಒಡಹುಟ್ಟಿದ ಅಕ್ಕನಲ್ಲ. ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವರು, ಊರು ಕುಬಟೂರಿನ ಕಡೆ. ನಮ್ಮ ಮನೆಯಿಂದ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಹೋಗಿ ಸಂಜೆಗೆ ವಾಪಸ್ ಬರಬಹುದಾದಷ್ಟು ಹತ್ತಿರ. ಆದರೂ ನಾನು ಅವರನ್ನು ಮೊದಲು ಕಂಡದ್ದು ಹಿಮಾಲಯದಲ್ಲಿ.

ಒಬ್ಬಳೇ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟದ ದಾರಿಯಲ್ಲಿ ದಿನಗಟ್ಟಲೆ ನಡೆಯುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ದೊಡ್ಡ ರಾಮಾಯಣವೇ ಆಗಿತ್ತು. ಅಪ್ಪ ಮಾತು ಬಿಟ್ಟರು. ಚಿಕ್ಕಮ್ಮ, ನಡೆಯೋದೇ ಆದರೆ ಅಂಗಡಿಯಿಂದ ಮನೆಗೆ ಸ್ಕೂಟಿ ಬಿಟ್ಟು ನಡಿ ಎಂದು ರೇಗಿಸಿದರು. ನಾನು ಹಟ ಹಿಡಿದೆ. ನನಗೆ ಧೈರ್ಯ ಹೆಚ್ಚು ಎಂದು ಎಲ್ಲರೂ ತಿಳಿದುಕೊಂಡರು. ನಿಜ ಹೇಳಬೇಕೆಂದರೆ ನಾನು ಹುಟ್ಟಾ ಪುಕ್ಕಲಿ. ಭಯ ಬಿಡಿಸಿಕೊಳ್ಳಬೇಕೆಂದೇ ಹೊರಟವಳು.

ಆ ಭಯಕ್ಕೂ ಒಂದು ಊರಿತ್ತು. ನನ್ನ ಅವ್ವನ ತವರು ಬಂದಳಿಕೆ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದರೆ ಹಗಲೆಲ್ಲ ಪಾಳು ದೇವಸ್ಥಾನಗಳ ಕಂಬದಿಂದ ಕಂಬಕ್ಕೆ ಓಡುತ್ತಿದ್ದೆವು. ಹೊತ್ತು ಇಳಿದ ಮೇಲೆ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಒಂದು ಮುಸ್ಸಂಜೆ ಅಜ್ಜಿಯ ಜೊತೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ದೇವಸ್ಥಾನದ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಸ್ಪಷ್ಟವಾಗಿ, ಒಂದೇ ಸಲ. ಓ ಎನ್ನಲು ಬಾಯಿ ತೆರೆದೆ. ಅಜ್ಜಿ ಎಲೆ ಅಡಿಕೆಯ ಸುಣ್ಣ ಹತ್ತಿದ್ದ ಅಂಗೈಯನ್ನು ನನ್ನ ಬಾಯಿಗೆ ಒತ್ತಿ ಹಿಡಿದಳು.

"ಸುಮ್ನಿರು. ಮೂರು ಸಲ ಕರೀಲಿ. ಮನ್ಷಾರಾದ್ರೆ ಮೂರು ಸಲ ಕರೀತಾರೆ."

ಕಾದೆವು. ಎರಡನೇ ಕೂಗು ಬರಲಿಲ್ಲ. ಮನೆಯವರೆಲ್ಲ ಒಳಗೇ ಇದ್ದರು, ಯಾರೂ ಕರೆದಿರಲಿಲ್ಲ. ನಮ್ಮ ಕಡೆ ಇದನ್ನು ಹೇಳದ ಮನೆಯಿಲ್ಲ. ಕತ್ತಲಲ್ಲಿ ಒಂದು ಕೂಗಿಗೆ ಓಗೊಟ್ಟರೆ ಕರೆದದ್ದು ಜೊತೆಗೇ ಕರೆದೊಯ್ಯುತ್ತದೆ ಎನ್ನುತ್ತಾರೆ. ಅಂದು ಕರೆದವರು ಯಾರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ...

ಇರಲಿ, ಬೆಟ್ಟಕ್ಕೆ ಬರುತ್ತೇನೆ. ದಾರಿಯ ಮೊದಲ ದಿನಗಳಲ್ಲಿ ನನ್ನ ಭಯವೆಲ್ಲ ಮನುಷ್ಯರದ್ದೇ ಆಗಿತ್ತು. ದೇವದಾರು ಮರಗಳ ನಡುವೆ ಒಬ್ಬಳೇ ಹೋಗುವಾಗ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡಿದರೆ, ತಲೆಯಿಂದ ಮೊಣಕಾಲಿನವರೆಗೆ ಕಪ್ಪಗೆ ಮುಸುಕು ಹೊದ್ದ ಆಕೃತಿಯೊಂದು ಮರಗಳ ನಡುವೆ ನಿಂತಿತ್ತು. "ಅಯ್ಯೋ ಅವ್ವಾ" ಎಂದು ಕಿರುಚಿ ಚೀಲದ ಸಮೇತ ಕೆಳಗೆ ಬಿದ್ದೆ.

ಆಕೃತಿ ನಗತೊಡಗಿತು. "ಯಾವೂರೇ ತಂಗಿ ನಿಂದು?" ಎಂದು ಕನ್ನಡದಲ್ಲಿ ಕೇಳಿತು.

ಎಲ್ಲರೂ ಬಣ್ಣ ಬಣ್ಣದ ಪ್ಲಾಸ್ಟಿಕ್ ಮಳೆಯಂಗಿ ಹಾಕಿ ನಡೆಯುವ ದಾರಿಯಲ್ಲಿ ಈ ಅಕ್ಕ ಕಂಬಳಿಯನ್ನು ಕೊಪ್ಪೆ ಮಡಿಸಿ ತಲೆಗೆ ಹಾಕಿಕೊಂಡಿದ್ದರು. ವಯಸ್ಸು ಐವತ್ತು ದಾಟಿತ್ತು. ಅವರ ಅಪ್ಪ ಕುರಿ ಸಾಕುತ್ತಿದ್ದವರು. ಚಿಕ್ಕಂದಿನಲ್ಲಿ ಮಂದೆಯ ಹಿಂದೆ ಹೊಲದಿಂದ ಹೊಲಕ್ಕೆ ನಡೆದು ನಡೆದು ಬೇಸತ್ತು, ಕೂತು ಮಾಡುವ ಕೆಲಸವೇ ಬೇಕೆಂದು ಹೊಲಿಗೆ ಕಲಿತರಂತೆ. ಒಮ್ಮೆ ಊರಿನವರ ಜೊತೆ ಯಾತ್ರೆಯ ಬಸ್ಸಿನಲ್ಲಿ ಕೇದಾರಕ್ಕೆ ಬಂದರು. ಉಳಿದವರು ದೇವರ ದರ್ಶನ ಮುಗಿಸಿ ಊರಿಗೆ ಮರಳಿದರು. ಇವರಿಗೆ ಬೆಟ್ಟದ ಹುಚ್ಚು ಹಿಡಿಯಿತು. ಅಂದಿನಿಂದ ಪ್ರತಿವರ್ಷ ಅಂಗಡಿಗೆ ಬೀಗ ಹಾಕಿ ಒಬ್ಬರೇ ಬರುತ್ತಿದ್ದರು. ನನ್ನ ಹಾಗೆ ಭಯ ಬಿಡಿಸಿಕೊಳ್ಳಲು ಅಲ್ಲ, ಸುಮ್ಮನೆ ನಡೆಯಲು.

ನಾವು ಜೊತೆಯಾದೆವು. ಪೂರ್ತಿ ಜೊತೆ ಎನ್ನುವಂತಿಲ್ಲ. ಅವರದು ಕುರಿ ಕಾಯುವವರ ನಡಿಗೆ, ನಿಧಾನ ಅನ್ನಿಸುತ್ತದೆ, ಆದರೆ ಎಲ್ಲೂ ನಿಲ್ಲುವುದಿಲ್ಲ. ನನ್ನದು ಓಡಿ ಓಡಿ ಏದುಸಿರು ಬಿಡುವ ಜಾತಿ. ಸಂಜೆ ತಂಗುವ ಜಾಗದಲ್ಲಿ ಸೇರುತ್ತಿದ್ದೆವು. ದಾರಿಯಲ್ಲಿ ಸಿಕ್ಕ ಪುಣೆಯ ಗಂಡ ಹೆಂಡತಿ ಕೂಡ ನಮ್ಮ ಗುಂಪಿಗೆ ಸೇರಿದರು. ಅಕ್ಕನಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ಆ ಹೆಂಗಸಿನ ಹರಿದ ಜಾಕೆಟ್ಟನ್ನು ಹೊಲಿದು ಕೊಟ್ಟು ಒಂದೇ ಸಂಜೆಯಲ್ಲಿ ಅವರ ಮನೆಯ ಕಷ್ಟಸುಖವನ್ನೆಲ್ಲ ತಿಳಿದುಕೊಂಡಿದ್ದರು.

ಮುಂದೆ ಎರಡು ಶಿಖರಗಳ ನಡುವೆ ಎತ್ತರದ ಇಕ್ಕಟ್ಟು ದಾರಿಯೊಂದನ್ನು ದಾಟಬೇಕಿತ್ತು. ಎಲ್ಲರೂ ಅದನ್ನು ಪಾಸ್ ಎನ್ನುತ್ತಿದ್ದರು. ದಾಟುವ ಹಿಂದಿನ ಸಂಜೆ ಚಹಾದ ಡೇರೆಯವನು ಒಲೆಯ ಮುಂದೆ ಕೂತು ಕಥೆ ಶುರುಮಾಡಿದ. ಪಾಸಿನ ಮೇಲೆ ಮಂಜು ಇಳಿದರೆ ಹಿಂದೆ ಅಲ್ಲಿ ಕಳೆದುಹೋದವರು ದಾರಿಹೋಕರನ್ನು ಹೆಸರು ಹಿಡಿದು ಕರೆಯುತ್ತಾರಂತೆ. ಪುಣೆಯವರು ನಕ್ಕರು. ನಾನೂ ನಕ್ಕೆ, ಆದರೆ ಒಲೆಗೆ ಇನ್ನಷ್ಟು ಹತ್ತಿರ ಸರಿದು ಕೂತೆ. ಅಕ್ಕ ಮಾತ್ರ ನಗಲಿಲ್ಲ. ಕುರಿ ಮಂದೆ ಬಿಟ್ಟ ಹೊಲಗಳಲ್ಲಿ ಇಂಥ ಎಷ್ಟೋ ಕೂಗು ಕೇಳಿದ್ದೇನೆ ಎಂದರು. "ಜಪ್ಪಯ್ಯ ಅಂದ್ರೂ ನಾ ಒಂದ್ ಕೂಗಿಗೆ ಓ ಅನ್ನಲ್ಲ ಕಣೇ" ಎಂದು ಕಂಬಳಿ ಎಳೆದುಕೊಂಡು ಮಲಗಿದರು.

ಮರುದಿನ ಅಕ್ಕನೂ ಪುಣೆಯವರೂ ಮುಂದೆ ಹೋದರು. ಪಾಸಿನ ಆಚೆ ಕುರಿಗಾಹಿಗಳ ಕಲ್ಲಿನ ಗೂಡೊಂದಿತ್ತು, ಅಲ್ಲಿ ಸೇರುವುದೆಂದು ಮಾತಾಯಿತು. ದಾರಿ ತಿಳಿಯಲೆಂದು ಅಲ್ಲಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದರು. ಒಂದು ಗುಡ್ಡೆಯಿಂದ ಮುಂದಿನ ಗುಡ್ಡೆ ನೋಡಿಕೊಂಡು ಹೋಗುವುದಷ್ಟೇ ಕೆಲಸ. ಪಾಸ್ ದಾಟಿ ಇಳಿಯಲು ಶುರುಮಾಡಿದಾಗ ಮಂಜು ಬಂತು. ನಮ್ಮ ಕಡೆಯ ಮಂಜಿನ ಹಾಗೆ ಮೆಲ್ಲಗೆ ಬರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ ಬಂತು. ಚಾಚಿದ ಕೈಯ ಬೆರಳುಗಳೇ ಕಾಣಲಿಲ್ಲ. ಮುಂದಿನ ಕಲ್ಲಿನ ಗುಡ್ಡೆ ಇಲ್ಲ, ಹಿಂದಿನದೂ ಇಲ್ಲ. ತಡವರಿಸುತ್ತಾ ನಾಲ್ಕು ಹೆಜ್ಜೆ ಇಟ್ಟವಳು ದಾರಿ ಬಿಟ್ಟು ಕೆಳಗಿಳಿದುಬಿಟ್ಟಿದ್ದೆ. ಕಾಲ ಕೆಳಗೆ ಪುಡಿಗಲ್ಲು ಜಾರುತ್ತಿತ್ತು. ಜಾರಿದ ಕಲ್ಲುಗಳು ಸ್ವಲ್ಪ ದೂರ ಉರುಳಿ, ಆಮೇಲೆ ಸದ್ದೇ ನಿಂತುಹೋಗುತ್ತಿತ್ತು. ಅದರ ಅರ್ಥ ಹೊಳೆಯಲು ನನಗೆ ತಡವಾಯಿತು. ಹೊಳೆದ ಮೇಲೆ ನಿಲ್ಲಲಾಗಲಿಲ್ಲ, ಕುಕ್ಕರಿಸಿದೆ.

ಎಷ್ಟು ಹೊತ್ತು ಕೂತಿದ್ದೆನೋ... ಕಾಲು ಮರಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಆಗ ಯಾರೋ ನನ್ನ ಹೆಸರು ಕರೆದರು.

ಗಂಡಸಿನ ದನಿ. ಒಂದೇ ಸಲ. ಎಡಗಡೆ ಕೆಳಗಿನಿಂದ ಬಂದ ಹಾಗಿತ್ತು.

ಅಂಗಡಿಯಲ್ಲಿ ರೈತರಿಗೆ ಮಣ್ಣು ಪರೀಕ್ಷೆಯ ವಿಷಯ ಹೇಳಿಕೊಡುವವಳು ನಾನು. ದೆವ್ವ ಗಿವ್ವ ಎಂದರೆ ಅಲ್ಲಿ ನಗುತ್ತೇನೆ. ಆ ಇಳಿಜಾರಿನಲ್ಲಿ ಮಾತ್ರ ಸುಣ್ಣ ಹತ್ತಿದ ಅಂಗೈ ನನ್ನ ಬಾಯಿಯ ಮೇಲೆ ಬಂದು ಕೂತಿತು. ಉಸಿರು ಬಿಗಿಹಿಡಿದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೂಗು. ಈ ಸಲ ಹೆಂಗಸಿನ ದನಿ, ಬೇರೆ ಕಡೆಯಿಂದ, ಮತ್ತೆ ಒಂದೇ ಸಲ. ನನ್ನ ಹೆಸರು ಎಳೆದು ಎಳೆದು, ನಮ್ಮವರು ಯಾರೂ ಹೇಳದ ರಾಗದಲ್ಲಿ. ಆ ದನಿಯಿಂದ ದೂರ ಹೋಗಬೇಕೆಂದು ಕುಂಡಿ ಎಳೆದುಕೊಂಡು ಬಲಕ್ಕೆ ಸರಿಯತೊಡಗಿದೆ. ಸರಿದಷ್ಟೂ ಕಲ್ಲು ಜಾರುತ್ತಿತ್ತು. ಆದರೂ ಸರಿದೆ. ಜಾರುವ ಕಲ್ಲಿಗಿಂತ ಆ ಕೂಗೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

ಆಮೇಲೆ ಮೇಲಿನಿಂದ ಬಂತು.

"ತಂಗೀ..."

ಬಾಯಿ ಮುಚ್ಚಿಕೊಂಡೆ.

"ತಂಗೀ..."

ಎರಡಾಯಿತು. ಮೂರನೆಯದು ಬರದಿದ್ದರೆ ಏನು ಗತಿ ಎಂದು ಅಳು ಬಂತು.

"ಶಿಕಾರಿಪುರದ ತಂಗೀ..."

"ಓ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಓ ಎಂದೆ, ಮತ್ತೆ ಮತ್ತೆ ಎಂದೆ. ಅಲ್ಲಾಡಬೇಡ ಎಂದು ಕೂಗುತ್ತಾ ಅಕ್ಕ ಕೂತು ಕೂತು ಇಳಿದು ಬಂದರು. ಮೊದಲು ತಲುಪಿದ್ದು ಕಂಬಳಿಯ ವಾಸನೆ, ಆಮೇಲೆ ಅವರ ಕೈ. ಕಂಬಳಿಯ ಒಂದು ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿ, ಇನ್ನೊಂದನ್ನು ತಮ್ಮ ಮುಷ್ಟಿಗೆ ಬಿಗಿದುಕೊಂಡು ಮೇಲಕ್ಕೆ ಎಳೆದರು. ದಾರಿಗೆ ಬಂದು ಕೂತ ಮೇಲೆ ಗಾಳಿ ಬೀಸಿ ಮಂಜು ಒಂದು ಗಳಿಗೆ ಹರಿಯಿತು. ನಾನು ಸರಿಯುತ್ತಿದ್ದ ಕಡೆ ಇಳಿಜಾರು ಮುಗಿದುಹೋಗಿತ್ತು. ಅದರಾಚೆ ಏನೂ ಇರಲಿಲ್ಲ. ಇನ್ನೆರಡು ಮಾರು ಸರಿದಿದ್ದರೆ...

ಪುಣೆಯ ಗಂಡ ಹೆಂಡತಿ ದಾರಿಯ ಮೇಲೇ ನಿಂತಿದ್ದರು. ನಾನು ಕಲ್ಲಿನ ಗೂಡಿಗೆ ಬಾರದ್ದರಿಂದ ಹುಡುಕುತ್ತಾ ವಾಪಸ್ ಬಂದು, ಒಬ್ಬೊಬ್ಬರು ಒಂದೊಂದು ಕಡೆಯಿಂದ ಕರೆದು, ಉತ್ತರ ಬರಲಿಲ್ಲವೆಂದು ನಾನು ಅಲ್ಲಿಲ್ಲ ಎಂದುಕೊಂಡಿದ್ದರಂತೆ. ಯಾಕೆ ಉತ್ತರಿಸಲಿಲ್ಲ ಎಂದು ಆತ ಸಿಟ್ಟಿನಿಂದ ಕೇಳಿದ. ಯಾವ ಭಾಷೆಯಲ್ಲಿ ಹೇಳಲಿ? ಅಕ್ಕನ ಕಡೆ ತಿರುಗಿದೆ.

"ಅಕ್ಕ, ನಾ ಕೇಳಿದ್ದೆ. ಒಂದೇ ಸಲ ಕರೆದ್ರು."

"ಗೊತ್ತಿತ್ತು. ನಮ್ ಕಡೆ ಹುಡ್ಗಿ, ಒಂದ್ ಕೂಗಿಗೆ ಎಲ್ಲಿ ಓ ಅಂತಾಳೆ ಅಂತ ನಾನೇ ಹಿಂದೆ ಬಂದೆ" ಎಂದರು. ಅವರ ಮುಷ್ಟಿ ಇನ್ನೂ ಕಂಬಳಿಯ ತುದಿಯನ್ನು ಬಿಟ್ಟಿರಲಿಲ್ಲ.

ಊರಿಗೆ ಬಂದ ಮೇಲೆ ಅಕ್ಕ ನನಗೆ ಫೋನು ಮಾಡುವಾಗ ಎರಡು ಸಲ ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದರು. ಮೂರನೇ ಸಲಕ್ಕೆ ನಾನು ಎತ್ತಿ ಓ ಎನ್ನಬೇಕು. ಅದೊಂದು ಆಟವಾಗಿತ್ತು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದಾಗ ಫೋನು ಹೊಡೆದುಕೊಂಡು ನಿಂತರೆ ಅಪ್ಪನೇ, "ನಿನ್ನ ಅಕ್ಕಾರು ಇರ್ಬೇಕು, ಇನ್ನೊಂದು ಬರ್ಲಿ ತಡಿ" ಎನ್ನುತ್ತಿದ್ದರು. ಸೊರಬಕ್ಕೆ ಹೋದರೆ ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡು ಮಂಡಕ್ಕಿ ತಿನ್ನಿಸುತ್ತಿದ್ದರು. ಮುಂದೆ ಯಾವ ಬೆಟ್ಟ ಎಂದು ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ, ಆದರೆ ಮತ್ತೆ ಹೋಗಲಿಲ್ಲ. ಭಯ ಬಿಡಿಸಿಕೊಳ್ಳಲು ಹೋದವಳು ಇನ್ನಷ್ಟು ಹೊತ್ತುಕೊಂಡು ಬಂದಿದ್ದೆ. ಅಕ್ಕ ಅದಕ್ಕೆ ಒಂದು ದಿನವೂ ಹಂಗಿಸಲಿಲ್ಲ.

ಹೋದ ವರ್ಷ ಬೇರೊಂದು ಪಾಸಿಗೆ ಒಬ್ಬರೇ ಹೋದರು. ದಾಟಿದ ಮೇಲೆ ಫೋನು ಮಾಡುತ್ತೇನೆ ಎಂದಿದ್ದರು. ಮಾಡಲಿಲ್ಲ. ಅಲ್ಲೂ ಮಂಜು ಮುಸುಕಿತ್ತಂತೆ. ಹುಡುಕುವವರು ಹೋದರು, ಅವರ ತಮ್ಮನೂ ಕುಬಟೂರಿನಿಂದ ಓಡಿದರು. ಸಿಕ್ಕಿದ್ದು ಊಟದ ಡಬ್ಬಿ ಇದ್ದ ಸಣ್ಣ ಕೈಚೀಲ ಮಾತ್ರ.

ಮೊನ್ನೆ ಆ ಬಸ್ಸಿನಲ್ಲಿ ನಾನು ಹೊರಟಿದ್ದು ಆ ತಮ್ಮನನ್ನು ನೋಡಲಿಕ್ಕೆ. ಹೊಲಿಗೆ ಅಂಗಡಿಯ ಬಾಗಿಲಲ್ಲಿ ಕೂತಿದ್ದರು. ಅಲ್ಲಿ ಹೇಗೆ ಹುಡುಕಿದರು ಎಂದು ಕೇಳಿದೆ. ಮೈಕು ಹಿಡಿದು ಹೆಸರು ಕೂಗಿದರು, ಸೀಟಿ ಊದಿದರು ಎಂದರು. ಒಂದೇ ಜಾಗದಲ್ಲಿ ನಿಂತು ಎಷ್ಟು ಸಲ ಕೂಗುತ್ತಿದ್ದರು ಎಂದು ಕೇಳಿದೆ.

"ಒಂದ್ ಸಲ ಕೂಗಿ ಮುಂದೆ ಹೋಗೋರು ರೀ. ಜಾಗ ದೊಡ್ದು" ಎಂದರು. ಅಷ್ಟು ಹೇಳಿದವರೇ ನನ್ನ ಮುಖ ನೋಡಿದರು. ಅವರೂ ಅದೇ ಮನೆಯಲ್ಲಿ ಬೆಳೆದವರು.

ಅಕ್ಕ ಇಲ್ಲ ಎನ್ನುವುದು ನನಗೆ ಗೊತ್ತು. ಒಂದು ಚಳಿಗಾಲ ಕಳೆದಿದೆ, ಅಲ್ಲಿ ಯಾರೂ ಬದುಕಿರಲಾರರು. ಆದರೂ ಚೀಲ ಕಟ್ಟಿದ್ದೇನೆ. ಕೈಚೀಲ ಸಿಕ್ಕ ಜಾಗಕ್ಕೆ ಅವರ ತಮ್ಮನೂ ಬರುತ್ತಾರೆ. ಅಪ್ಪ ಈ ಸಲ ಮಾತು ಬಿಡಲಿಲ್ಲ. ಬೆಚ್ಚಗಿರು ಎಂದು ತಾವೇ ಒಂದು ಕರಿ ಕಂಬಳಿ ತಂದುಕೊಟ್ಟರು. ಹೊಸದು, ಅದಕ್ಕಿನ್ನೂ ವಾಸನೆ ಹತ್ತಿಲ್ಲ. ನನಗೆ ತುಂಬಾ ಭಯವಾಗುತ್ತಿದೆ. ಅಲ್ಲಿ ನಿಂತು ಅಕ್ಕಾ ಎಂದು ಮೂರು ಸಲ ಕರೆಯುತ್ತೇನೆ. ಮೂರನೆಯದರ ಆಮೇಲೆ ಎಷ್ಟು ಹೊತ್ತು ಕಾಯಬೇಕೆಂದು ಅಜ್ಜಿ ಹೇಳಿಕೊಟ್ಟಿಲ್ಲ.